ಕಚ್ಚಿಕೊಂಡ ಪಿಸ್ಟನ್

ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜಪಾನಿನ ಹಮಾಮತ್ಸು ಪಟ್ಟಣದಲ್ಲಿ ಸೋಯಿಚಿರೋ ಹೋಂಡಾ ಸೈಕಲ್ಲಿಗೆ ಎಂಜಿನ್ ಕಟ್ಟಿದನು. ಅದು ಸೈನ್ಯದ ವೈರ್‌ಲೆಸ್ಸಿಗೆ ವಿದ್ಯುತ್ತು ಒದಗಿಸುತ್ತಿದ್ದ ಹಳೆಯ ಸಾಮಾನು. ಮೊದಲು ಪೆಟ್ರೋಲ್ ತುಂಬಿದ್ದು, ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಪಾತ್ರೆಯಲ್ಲಿ! ಪೆಟ್ರೋಲೂ ದುರ್ಲಭ, ಪೈನ್ ಮರದ ಬೇರಿನ ಎಣ್ಣೆ ಬೆರೆಸಿ ಓಡಿಸಿದ್ದುಂಟು.

ಇಂಥ ಟೂ-ಸ್ಟ್ರೋಕ್ ಎಂಜಿನ್ನಿಗೆ ಇಂಧನದಲ್ಲಿ ಬೆರೆಸಿದ ಎಣ್ಣೆಯೇ ಜೀವ. ಅದು ಕಡಿಮೆಯಾದರೆ, ಅಲ್ಯೂಮಿನಿಯಂ ಪಿಸ್ಟನ್ ಕಾದು ಹಿಗ್ಗಿ, ಅಷ್ಟು ಹಿಗ್ಗದ ಬೀಡುಕಬ್ಬಿಣದ ಸಿಲಿಂಡರನ್ನು ಹಿಡಿದುಬಿಡುತ್ತದೆ. ಮೆಕ್ಯಾನಿಕ್ಕುಗಳು ‘ಸೀಜ್ ಆಯಿತು’ ಎನ್ನುತ್ತಾರೆ. ‘ಕಚ್ಚಿಕೊಂಡಿತು’ ಎಂಬ ನಮ್ಮ ಮಾತೇ ಹೆಚ್ಚು ನಿಜವೆಂದು ಕನ್ನಡ ಮೇಷ್ಟರಾದ ನನ್ನ ಮತ.

ಆಗ ಪೆಡಲ್ ಮೆಟ್ಟಿ ಬಲ ತೋರಿಸಿದರೆ ಕೆಡುವುದೇ ಹೆಚ್ಚು. ಎಂಜಿನ್ ಆರಲಿ. ಪ್ಲಗ್ ಬಿಚ್ಚಿ, ತೆಳು ಎಣ್ಣೆ ಬಿಟ್ಟು, ರಾತ್ರಿಯೆಲ್ಲ ನೆನೆಯಗೊಟ್ಟು, ಬೆಳಿಗ್ಗೆ ಫ್ಲೈವೀಲನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಬೇಕು. ಸಡಿಲವಾಯಿತೆಂದು ಒಡನೆ ಸವಾರಿ ಹೊರಡಬಾರದು. ಸಿಲಿಂಡರ್ ತೆಗೆದು ಗೀರುಗಳನ್ನೂ ರಿಂಗುಗಳನ್ನೂ ನೋಡಬೇಕು.

ರಿಂಗಿನ ಕಷ್ಟ ಹೋಂಡಾಗೆ ಯುದ್ಧಕ್ಕೆ ಮೊದಲೇ ಗೊತ್ತಿತ್ತು. ಪಿಸ್ಟನ್ ರಿಂಗು ತಯಾರಿಸಹೋಗಿ ಸೋತವನು, ಮೂವತ್ತರ ವಯಸ್ಸಿನಲ್ಲಿ ಲೋಹವಿದ್ಯೆಗಾಗಿ ತಾಂತ್ರಿಕ ಶಾಲೆಯಲ್ಲಿ ಹುಡುಗರ ನಡುವೆ ಕುಳಿತನು. ಆಮೇಲೂ, ಟೊಯೋಟಾದವರು ಪರೀಕ್ಷಿಸಿದ ಅವನ 50 ರಿಂಗುಗಳಲ್ಲಿ ತೇರ್ಗಡೆಯಾದುವು ಮೂರೇ.