ರವೆ ಇಡ್ಲಿ ಬರೀ ಬದಲಿ ತಿಂಡಿಯೇ? ಎಂಟಿಆರ್ ಚರಿತ್ರೆಯ ಒಂದು ತಪ್ಪು ಓದು

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ (ಎಂಟಿಆರ್) ಬಗ್ಗೆ ಬರೆದವರಲ್ಲಿ ಹೆಚ್ಚಿನವರು ರವೆ ಇಡ್ಲಿಯನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ: ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗಲಿಲ್ಲ, ಹೋಟೆಲ್ ನಡೆಸುತ್ತಿದ್ದ ಮಯ್ಯರು ರವೆ ಹಿಡಿದರು. ಕುಟುಂಬದವರು ಹೇಳುತ್ತ ಬಂದಿರುವುದೂ ಇದನ್ನೇ. ಕಾಲದ ಲೆಕ್ಕಕ್ಕೆ ಮಾತು ಹೊಂದುತ್ತದೆ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. (ಆಗ ಎಂಟಿಆರ್ ಎಂಬ ಹೆಸರು ಇರಲಿಲ್ಲ ಎಂಬುದನ್ನು ಮಾತ್ರ ಹಲವರು ಮರೆಯುತ್ತಾರೆ. 1924ರಲ್ಲಿ ಕೋಟದ ಕಡೆಯ ಮಯ್ಯ ಸಹೋದರರು ತೆರೆದದ್ದು ಬ್ರಾಹ್ಮಿನ್ ಕಾಫಿ ಕ್ಲಬ್. ಹೊಸ ಹೆಸರು ಬಂದದ್ದು 1960ರಲ್ಲಿ, ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದಾಗ.)

ತಕರಾರಿರುವುದು ಕಥೆಯ ಬಗ್ಗೆ ಅಲ್ಲ, ಅದರಿಂದ ತೆಗೆದ ತೀರ್ಮಾನದ ಬಗ್ಗೆ. ಬರೀ ಬದಲಿಯಾಗಿದ್ದರೆ ಅಕ್ಕಿ ಮತ್ತೆ ಸಿಕ್ಕ ದಿನವೇ ರವೆ ಇಡ್ಲಿ ಪಟ್ಟಿಯಿಂದ ಬಿದ್ದುಹೋಗಬೇಕಿತ್ತು. ಬೀಳಲಿಲ್ಲ. ಆಲೂಗಡ್ಡೆ ಸಾಗು, ತುಪ್ಪದೊಡನೆ ಇವತ್ತಿಗೂ ಅದೇ ಆ ಹೋಟೆಲಿನ ಗುರುತು.

ಈ ತಪ್ಪು ಓದಿನ ಬೇರು ಇನ್ನೂ ಆಳದಲ್ಲಿದೆ. ಆಹಾರ ಚರಿತ್ರೆಯಲ್ಲಿ ಕೆ. ಟಿ. ಅಚಯ ಅವರ ಮಾತಿಗೆ ಸಲ್ಲುವ ಗೌರವ ನ್ಯಾಯವಾದದ್ದೇ. ಆದರೆ ಇಡ್ಲಿಗೆ ಅವರು ಹಾಕಿಕೊಟ್ಟ ಅಳತೆಗೋಲು ಮೂರು ಅಂಶಗಳದ್ದು: ಅಕ್ಕಿ, ದೀರ್ಘಕಾಲದ ಹುದುಗು, ಹಬೆ. ವಡ್ಡಾರಾಧನೆಯ ಇಡ್ಡಲಿಗೆಯಲ್ಲಿ, 11ನೆಯ ಶತಮಾನದ ಲೋಕೋಪಕಾರದ ವಿವರಣೆಯಲ್ಲಿ ಈ ಮೂರೂ ಕಾಣುವುದಿಲ್ಲವೆಂದು ಅವರು ಇಡ್ಲಿಯ ಮೂಲವನ್ನು ಇಂಡೋನೇಷ್ಯಾದ ಕಡೆ ಹುಡುಕಿದರು. ಅದೇ ಅಳತೆಗೋಲನ್ನು ಮಯ್ಯರ ಅಡುಗೆಮನೆಗೆ ಒಡ್ಡಿದರೆ ಏನಾಗುತ್ತದೆ? ರವೆ ಇಡ್ಲಿಯಲ್ಲಿ ಅಕ್ಕಿಯಿಲ್ಲ, ಉದ್ದೂ ಇಲ್ಲ. ರಾತ್ರಿಯೆಲ್ಲ ಹುದುಗಬೇಕಾಗಿಲ್ಲ; ಮೊಸರು, ಸೋಡ, ಒಗ್ಗರಣೆ ಸಾಕು. ಮೂರರಲ್ಲಿ ಉಳಿದದ್ದು ಹಬೆ ಒಂದೇ. ಆದರೂ ಅದು ಇಡ್ಲಿಯಲ್ಲ ಎಂದು ಯಾರೂ ಎದ್ದು ಹೋಗಲಿಲ್ಲ. ಲೋಕೋಪಕಾರವೂ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆದು, ಮೊಸರಿನ ತಿಳಿಯೊಡನೆ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸಲು ಹೇಳುತ್ತದೆ. ಒಂದರಿಂದ ಇನ್ನೊಂದು ಹುಟ್ಟಿತೆಂಬುದು ಇಲ್ಲಿನ ವಾದವಲ್ಲ. ಅಕ್ಕಿಯಿಲ್ಲವೆಂಬ ಒಂದೇ ಕಾರಣಕ್ಕೆ ಹಳೆಯ ಇಡ್ಡಲಿಗೆಯನ್ನು ಪಂಕ್ತಿಯಿಂದ ಎಬ್ಬಿಸಲಾಗದು ಎಂಬುದಷ್ಟೇ ವಾದ. ಕಾಗಿನೆಲೆಯ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಅಕ್ಕಿಯ ಎದುರು ರಾಗಿಗೆ ಗೌರವ ಕೊಡಿಸಿದ ನಾಡಿನಲ್ಲಿ, ಅಕ್ಕಿಯಲ್ಲದ್ದೆಲ್ಲ ಬದಲಿಯೇ ಎಂಬ ಎಣಿಕೆ ವಿದ್ವಾಂಸರಲ್ಲೂ ಇಷ್ಟು ಗಟ್ಟಿಯಾಗಿ ಕೂತಿರುವುದು ಖೇದದ ಸಂಗತಿ.

ರವೆ ಇಡ್ಲಿ ಬಿಟ್ಟದ್ದು ಯಾವುದು ಎಂಬುದರಲ್ಲೇ ಎಂಟಿಆರ್‌ನ ಪೊಟ್ಟಣದ ಕಂಪನಿಯ ಚರಿತ್ರೆಯಿದೆ. ನೆನೆಸಿ, ರುಬ್ಬಿ, ಹುದುಗಿಸಿದ ಹಿಟ್ಟನ್ನು ಹಾಗೆಯೇ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡಲಾಗದು. ರವೆ, ಸೋಡ, ಒಗ್ಗರಣೆ ಸಾಮಾನು ಒಣಗಿದ್ದರೆ ಇಡಬಹುದು; ಮೊಸರು ಮನೆಯಲ್ಲಿ ಸೇರಿಸಿಕೊಂಡರಾಯಿತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ದರ ಇಳಿಸಿದಾಗ ಮಯ್ಯರು ಗುಣಮಟ್ಟ ಇಳಿಸಲು ಒಪ್ಪದೆ ಹೋಟೆಲ್ ಮುಚ್ಚಿ, ಪಕ್ಕದಲ್ಲೇ ಪುಡಿ, ಮಿಕ್ಸ್ ಮಾರತೊಡಗಿದರು. ದರ ನಿಯಂತ್ರಣವೇ ಪೊಟ್ಟಣದ ಉದ್ಯಮವನ್ನು ಹುಟ್ಟಿಸಿತು ಎನ್ನುವವರು ಅರ್ಧ ಮಾತ್ರ ಹೇಳುತ್ತಾರೆ. ಪೊಟ್ಟಣಕ್ಕೆ ಒಗ್ಗುವ ಪಾಕ ಮೂರು ದಶಕ ಮೊದಲೇ ಕೈಯಲ್ಲಿತ್ತು.

ಪುಡಿಗಳ ಕಥೆ ಬೇರೆಯೇ ಬರೆಯಬೇಕಾದದ್ದು. ಅದನ್ನು ಹಾವೇರಿ ಸೀಮೆಯ ಬ್ಯಾಡಗಿಯಿಂದ ಶುರು ಮಾಡಬೇಕು. ಖಾರ ಕಡಿಮೆ, ಬಣ್ಣ ಗಾಢವಾಗಿರುವ ಬ್ಯಾಡಗಿ ಮೆಣಸಿನಕಾಯಿಯಿಲ್ಲದೆ ಕರಾವಳಿಯ ಸಾಂಬಾರಿಗೆ ಆ ಕೆಂಪು ಬರುವುದಿಲ್ಲ. ಹೋಟೆಲುಗಳ ಚರಿತ್ರೆ ಬರೆಯುವವರು ಬ್ಯಾಡಗಿ ಮಾರುಕಟ್ಟೆಯತ್ತ ತಿರುಗಿ ನೋಡುವುದೇ ಅಪರೂಪ.

ಎಂಟಿಆರ್ ಫುಡ್ಸ್ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು. ಹೋಟೆಲ್ ಮಯ್ಯ ಕುಟುಂಬದಲ್ಲೇ ಉಳಿಯಿತು. ಇವು ಎರಡು ಬೇರೆ ಸಂಸ್ಥೆ. ಎರಡನ್ನೂ ಒಂದೇ ಹೆಸರಿನಡಿ ಕಲಸಿ, ಲಾಲ್‌ಬಾಗ್ ರಸ್ತೆಯ ಅಡುಗೆಮನೆಯ ಶ್ರಮವನ್ನು ಕಾರ್ಖಾನೆಯ ಯಶಸ್ಸಿನ ಮುನ್ನುಡಿಯಾಗಿ ಓದುವ ಬರಹಗಳನ್ನು ಇನ್ನಾದರೂ ತಿದ್ದಬೇಕು.