ಫೈಲನ್ನು ಪದೇ ಪದೇ ಕಾಪಿ ಮಾಡಿದರೆ ಅದು ಹಾಳಾಗುತ್ತದೆಯೇ?

ಜೊಯಿಡಾ ತಾಲೂಕಿನ ಕುಂಬಾರವಾಡದಂತಹ ಕಾಡಿನ ನಡುವಿನ ಊರುಗಳಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಪೆನ್‌ಡ್ರೈವ್ ನೆರವಿಗೆ ಬರುತ್ತದೆ. ಪಹಣಿ, ಅಂಕಪಟ್ಟಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಲ್ಲಿಸುವ ಅರ್ಜಿಯ ದಾಖಲೆ, ಹೀಗೆ ಕಳೆದುಕೊಂಡರೆ ಮತ್ತೆ ಅಲೆದಾಡಬೇಕಾದ ಫೈಲುಗಳೇ ಅದರಲ್ಲಿರುತ್ತವೆ. ಆದ್ದರಿಂದ ಕಾಪಿ ಮಾಡುವುದರ ಬಗ್ಗೆ ಇರುವ ಮೂರು ನಂಬಿಕೆಗಳನ್ನು ನಾವಿಲ್ಲಿ ಪರಿಶೀಲಿಸೋಣ.

ನಂಬಿಕೆ 1: ಕಾಪಿ ಮಾಡಿದಷ್ಟೂ ಫೋಟೋ ಮಸುಕಾಗುತ್ತದೆ.
ಇದು ತಪ್ಪು. ಜೆರಾಕ್ಸ್‌ನ ಜೆರಾಕ್ಸ್ ಮಸುಕಾಗುತ್ತದೆ, ನಿಜ. ಆದರೆ ಕಂಪ್ಯೂಟರಿನಲ್ಲಿ ಫೈಲ್ ಎಂದರೆ 0 ಮತ್ತು 1ರ ಸಾಲು. ಕಾಪಿ ಮಾಡಿದಾಗ ಅದೇ ಸಾಲು ಇನ್ನೊಂದು ಕಡೆ ಬರೆಯಲ್ಪಡುತ್ತದೆ. ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ಫೋಟೋ ಮಸುಕಾಗುವುದು ವಾಟ್ಸಾಪ್‌ನಲ್ಲಿ ಫೋಟೋ ಆಗಿಯೇ ಕಳಿಸಿದಾಗ. ಡೇಟಾ ಉಳಿಸಲು ಆ್ಯಪ್ ಅದನ್ನು ಕುಗ್ಗಿಸುತ್ತದೆ. ದಾಖಲೆಗಳನ್ನು 'ಡಾಕ್ಯುಮೆಂಟ್' ಆಯ್ಕೆಯಲ್ಲಿ ಕಳಿಸಿ.

ನಂಬಿಕೆ 2: ಕಟ್ ಮಾಡಿದರೂ ಕಾಪಿ ಮಾಡಿದರೂ ಒಂದೇ.
ಪೂರ್ತಿ ನಿಜವಲ್ಲ. ಒಂದೇ ಡ್ರೈವ್‌ನ ಎರಡು ಫೋಲ್ಡರ್‌ಗಳ ನಡುವೆ ಕಟ್ ಮಾಡಿದರೆ ಫೈಲ್ ಅಲುಗಾಡುವುದೇ ಇಲ್ಲ, ಅದರ ವಿಳಾಸವಷ್ಟೇ ಬದಲಾಗುತ್ತದೆ. ಅದಕ್ಕೇ ದೊಡ್ಡ ವಿಡಿಯೋ ಕೂಡ ಕ್ಷಣದಲ್ಲಿ ಜಾಗ ಬದಲಿಸುತ್ತದೆ. ಪೆನ್‌ಡ್ರೈವ್‌ಗೆ ಕಟ್ ಮಾಡಿದರೆ ಮಾತ್ರ ಕಂಪ್ಯೂಟರ್ ಮೊದಲು ಅಲ್ಲಿ ಬರೆದು, ನಂತರ ಇಲ್ಲಿರುವ ಮೂಲವನ್ನು ಅಳಿಸುತ್ತದೆ. ಆಮೇಲೆ ಪೆನ್‌ಡ್ರೈವ್ ಕೆಟ್ಟರೆ ನಿಮ್ಮ ಬಳಿ ಏನೂ ಉಳಿಯದು.

ನಂಬಿಕೆ 3: ಪರದೆಯಲ್ಲಿ ಕಾಪಿ ಮುಗಿದರೆ ಪೆನ್‌ಡ್ರೈವ್ ಕೀಳಬಹುದು.
ಯಾವಾಗಲೂ ಅಲ್ಲ. ವೇಗಕ್ಕಾಗಿ ಕಂಪ್ಯೂಟರ್ ಕೆಲವೊಮ್ಮೆ ಮಾಹಿತಿಯನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು ನಿಧಾನವಾಗಿ ಬರೆಯುತ್ತದೆ. ಆಗ ಕಿತ್ತರೆ ಫೈಲಿನ ಹೆಸರು ಕಾಣಿಸಬಹುದು, ಆದರೆ ತೆರೆಯದೇ ಇರಬಹುದು. 2018ರ ನಂತರದ ವಿಂಡೋಸ್ 10ರಲ್ಲಿ ಈ ಅಪಾಯ ಕಡಿಮೆ. ಆದರೂ 'ಇಜೆಕ್ಟ್' ಒತ್ತಿಯೇ ತೆಗೆಯಿರಿ.

ಹಾಗಾದರೆ ಏನು ಮಾಡಬೇಕು?
ಮುಖ್ಯ ದಾಖಲೆಗಳನ್ನು ಕಟ್ ಮಾಡಬೇಡಿ, ಕಾಪಿ ಮಾಡಿ. ಹೊಸ ಜಾಗದಲ್ಲಿ ಫೈಲ್ ತೆರೆದು ಕೊನೆಯ ಪುಟದವರೆಗೆ ನೋಡಿ. 'ರಿಪ್ಲೇಸ್' ಮಾಡಲೇ ಎಂದು ಕೇಳಿದರೆ ಅವಸರ ಬೇಡ; ಒಪ್ಪಿದರೆ ಅದೇ ಹೆಸರಿನ ಹಳೆಯ ಫೈಲ್ ಹೋಗುತ್ತದೆ, ರಿಸೈಕಲ್ ಬಿನ್‌ನಲ್ಲೂ ಸಿಗುವುದಿಲ್ಲ. ಎರಡು ಬೇರೆ ಬೇರೆ ಕಡೆ ಪ್ರತಿ ಇದೆ ಎಂದು ಖಚಿತವಾದ ಮೇಲಷ್ಟೇ ಮೊಬೈಲ್‌ನಲ್ಲಿರುವುದನ್ನು ಅಳಿಸಿ.