ಯುರೇನಿಯಂ ಉಸಿರಾಡುವವರು

ರೈಫಲ್ ಅನ್ನೋದು ಅಮೆರಿಕದ ಕೊಲರಾಡೊ ರಾಜ್ಯದ ಒಂದು ಸಣ್ಣ ಊರು. ಹೌದು, ಹೆಸರೇ ಬಂದೂಕು. ಅಲ್ಲಿ ನದಿ ದಂಡೆಯ ಮೇಲೆ 1924ರಲ್ಲಿ ಅದಿರು ಸಂಸ್ಕರಿಸೋ ಮಿಲ್ಲೊಂದು ಶುರುವಾಯ್ತು. ಮೊದಲು ಬೇಕಿದ್ದದ್ದು ಉಕ್ಕಿಗೆ ಬೆರೆಸುವ ವನೇಡಿಯಂ. ಆಮೇಲೆ ಅಣುಬಾಂಬಿನ ಕಾಲ ಬಂತು, ಯುರೇನಿಯಂಗೂ ಬೆಲೆ ಬಂತು. 1958ರಲ್ಲಿ ಮಿಲ್ಲಿಗೆ ಬೀಗ ಬಿತ್ತು. ಗುಡ್ಡೆ ಬಿದ್ದಿದ್ದ ತ್ಯಾಜ್ಯವನ್ನು 1990ರ ದಶಕದಲ್ಲಿ ಎತ್ತಿ ಬೇರೆ ಕಡೆ ಸಾಗಿಸಿದರು. ಅಷ್ಟರಲ್ಲಿ ಯುರೇನಿಯಂ ಅಂತರ್ಜಲಕ್ಕೆ ಇಳಿದಾಗಿತ್ತು. ಮಣ್ಣನ್ನಾದ್ರೆ ಲಾರಿಗೆ ತುಂಬಬಹುದು, ನೆಲದೊಳಗಿನ ನೀರನ್ನ ಏನು ಮಾಡೋದು?

ಇದಕ್ಕೊಂದು ದಾರಿ ಸಿಕ್ಕಿದ್ದು ದೂರದ ಪೊಟೊಮ್ಯಾಕ್ ನದಿಯ ಕೆಸರಲ್ಲಿ. 1987ರಲ್ಲಿ ಡೆರೆಕ್ ಲವ್ಲೀ ಅನ್ನೋ ವಿಜ್ಞಾನಿ ಅಲ್ಲಿಂದ ಜಿಯೋಬ್ಯಾಕ್ಟರ್ ಅನ್ನೋ ಸೂಕ್ಷ್ಮಾಣುವನ್ನು ಹೊರತೆಗೆದರು. ನಾವು ಊಟ ಅರಗಿಸಿ, ಮಿಕ್ಕ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ದಾಟಿಸ್ತೀವಲ್ಲ, ಇವು ಕಬ್ಬಿಣಕ್ಕೆ ದಾಟಿಸ್ತವೆ. 1991ರಲ್ಲಿ ಅವರ ತಂಡ ಇನ್ನೊಂದು ವಿಷಯ ತೋರಿಸಿತು: ಯುರೇನಿಯಂಗೂ ದಾಟಿಸ್ತವೆ.

'ವಿಷ ತಿನ್ನುವ ಬ್ಯಾಕ್ಟೀರಿಯಾ' ಅನ್ನೋ ಶೀರ್ಷಿಕೆ ಕಂಡರೆ ನನಗೆ ಕಿರಿಕಿರಿ. ತಿನ್ನಲ್ಲ ಸ್ವಾಮಿ! ಯುರೇನಿಯಂ ಮೂಲಧಾತು, ಅದನ್ನ ಅರಗಿಸೋಕೆ ಯಾವ ಜೀವಿಗೂ ಆಗಲ್ಲ. ಎಲೆಕ್ಟ್ರಾನು ಸಿಕ್ಕಿದ ಮೇಲೆ ಅದು ನೀರಲ್ಲಿ ಕರಗೋದು ಬಿಟ್ಟು, ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಮಣ್ಣಿಗೆ ಅಂಟಿ ಕೂರುತ್ತೆ, ಅಷ್ಟೇ. ಇದ್ದಲ್ಲೇ ಇರುತ್ತೆ, ಹರಿಯಲ್ಲ.

2002ರ ಬೇಸಿಗೆಯಲ್ಲಿ ರೈಫಲ್‌ನಲ್ಲಿ ಪರೀಕ್ಷೆ ನಡೆಯಿತು. ಹೊರಗಿಂದ ಬ್ಯಾಕ್ಟೀರಿಯಾ ತಂದು ಸುರಿಯಲಿಲ್ಲ. ಅಲ್ಲೇ ಇದ್ದವಕ್ಕೆ ಅಸಿಟೇಟ್ ಉಣ್ಣಿಸಿದರು, ವಿನೆಗರ್‌ಗೆ ಹತ್ತಿರದ ಸಂಬಂಧಿ ಅದು. ಜಿಯೋಬ್ಯಾಕ್ಟರ್ ಸಂತತಿ ಹೆಚ್ಚಿತು. ಸುಮಾರು 50 ದಿನದಲ್ಲಿ ಕೆಲವು ಬಾವಿಗಳಲ್ಲಿ ಯುರೇನಿಯಂ ನಿಗದಿತ ಮಟ್ಟಕ್ಕಿಂತ ಕೆಳಗಿಳಿಯಿತು. ಚಪ್ಪಾಳೆ ಹೊಡೆಯೋ ಹೊತ್ತಿಗೆ ಆಟ ಕೆಟ್ಟಿತು. ಸಲ್ಫೇಟ್ ಉಸಿರಾಡುವ ಬೇರೆ ಬ್ಯಾಕ್ಟೀರಿಯಾಗಳು ಊಟಕ್ಕೆ ಮುಗಿಬಿದ್ದವು, ಜಿಯೋಬ್ಯಾಕ್ಟರ್ ಸೊರಗಿತು, ನೀರಲ್ಲಿ ಯುರೇನಿಯಂ ಮತ್ತೆ ಏರಿತು. ಇಡೀ ಇತಿಹಾಸದಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸೋದು ಈ ಸೋಲು. ಪ್ರಯೋಗಾಲಯದ ಬಾಟಲಿಯಲ್ಲಿ ಪೈಪೋಟಿಗೆ ನಿಲ್ಲುವ ಇನ್ನೊಬ್ಬ ಇರೋದಿಲ್ಲ ನೋಡಿ.

ಜಿಯೋಬ್ಯಾಕ್ಟರ್‌ನ ಮೈಯಿಂದ ಹೊರಡುವ ನ್ಯಾನೋ ತಂತಿಗಳ ಕಥೆಯೂ ಹೀಗೇ ತಿರುಗಿತು. 2005ರಲ್ಲಿ ಅವು ಪಿಲೈ ಎಂಬ ರೋಮದಂಥ ಎಳೆಗಳು ಅಂದರು. 2019ರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದವರು, ಅಲ್ಲ, ಅವು ಕಬ್ಬಿಣ ತುಂಬಿದ ಪ್ರೋಟೀನುಗಳ ಸರಪಳಿ ಅಂದರು.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ಲುಗಳಲ್ಲೂ ಲೀಟರಿಗೆ 30 ಮೈಕ್ರೋಗ್ರಾಂ ಮಿತಿ ದಾಟಿದ ಯುರೇನಿಯಂ ಸಿಕ್ಕಿದೆ. ಅಲ್ಲಿ ಮಿಲ್ಲಿನ ತಪ್ಪಿಲ್ಲ, ಗ್ರಾನೈಟ್ ಬಂಡೆಯಿಂದಲೇ ಬರೋದು. ಹಾಗಾದ್ರೆ ಅಲ್ಲೂ ಅಸಿಟೇಟ್ ಸುರಿಯೋಣವಾ? ರೈಫಲ್‌ನ ನೀರು ಕೆಲವೇ ಮೀಟರ್ ಆಳದ ನದಿ ಮರಳಲ್ಲಿತ್ತು, ಅದನ್ನ ಯಾರೂ ಬಿಂದಿಗೆಗೆ ಹಿಡೀತಿರಲಿಲ್ಲ. ನಮ್ಮದು ಸಾವಿರ ಅಡಿ ಕೆಳಗಿನ ಬಂಡೆಯ ಬಿರುಕಿನ ನೀರು, ಬೆಳಗ್ಗೆ ಮೋಟಾರ್ ಹಾಕಿದ್ರೆ ನೇರ ಅಡುಗೆಮನೆಗೆ ಬರುತ್ತೆ. ಸದ್ಯಕ್ಕೆ ಅಲ್ಲಿನ ಊರುಗಳಿಗೆ ಇರೋದು ಆರ್‌ಒ ಘಟಕ. ಅದು ಯುರೇನಿಯಂ ಅನ್ನು ಸೋಸಿ ಬೇರೆ ಮಾಡುತ್ತೆ ನಿಜ. ಸೋಸಿದ್ದನ್ನ ಹೊರಹಾಕೋ ಇನ್ನೊಂದು ಪೈಪು ಎಲ್ಲಿಗೆ ಹೋಗುತ್ತೆ ಅಂತ ಒಮ್ಮೆ ಹಿಂಬಾಲಿಸಿ ನೋಡಿ.